ಕಿಂಬೊಯಿಗೆ ತವರಿಲ್ಲವೆಂದ ಕಂಪ್ಯೂಟರ್ ಸಾಹೇಬರಿಗೆ

ಮಾನ್ಯ ಸಾಹೇಬರೇ,

ನಮ್ಮೂರ ಸರಕಾರಿ ದವಾಖಾನೆಯ ಮೇಜಿನ ಮೇಲೆ ವಿರಾಜಮಾನರಾದ ತಮಗೂ, ತಮ್ಮನ್ನು ದಿನಾ ಒರೆಸಿ ಹೂವು ಏರಿಸುವ ಸಿಪಾಯಿಗೂ ಕಾಗವಾಡ ಸೀಮೆಯ ಗಂಗೂಬಾಯಿಯ ನಮಸ್ಕಾರಗಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಕೈಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಪೆನ್ನು ಕೊಡಿಸಿದ ಪುಣ್ಯ ತಮ್ಮದು. ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲವಂತೆ, ಅರ್ಜಿಯೇ ಬೇಕಂತೆ. ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕುವ ಬೆರಳಿವು, ಅಕ್ಷರ ಸೊಟ್ಟ ಬಂದರೆ ತಮ್ಮ ತಲೆಯನ್ನೇ ಸ್ವಲ್ಪ ಓರೆ ಮಾಡಿ ಓದಿಕೊಳ್ಳಿ. ಅರ್ಜಿಗಳು ಫೈಲಿನಲ್ಲಿ ನಿದ್ದೆ ಹೋಗುವುದು ಗೊತ್ತಿದ್ದರಿಂದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ.

ನನ್ನ ತೋಟದ ಕೋಣೆಯಲ್ಲಿರುವ ಕಿಂಬೊಯಿ ಮಣಿಪುರದವಳು. ಅಲ್ಲಿ ಜನ ಜನರೊಳಗೆ ಹೊಡೆದಾಟ ಎದ್ದಾಗ ಅವಳ ಮನೆ ಸುಟ್ಟರು. ವರ್ಷಕ್ಕೂ ಹೆಚ್ಚು ಕಾಲ ಶಿಬಿರದಲ್ಲಿದ್ದು, ಗಂಡನಿಗೆ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದಳು. ಈಗ ಏಳು ತಿಂಗಳ ಬಸುರಿ, ಚೊಚ್ಚಲು, ಮೈಯಲ್ಲಿ ರಕ್ತ ಬಹಳ ಕಡಿಮೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ನಿಗೆ ತಾಯಿ ಕಾರ್ಡು ಬೇಕು, ತಾಯಿ ಕಾರ್ಡಿಗೆ ತಮ್ಮ ಅಪ್ಪಣೆ ಬೇಕು, ತಮಗೆ ಅವಳ ಹಳೆಯ ಮೊಬೈಲಿಗೆ ಬರುವ ಆರು ಅಂಕಿ ಬೇಕು. ಆ ಮೊಬೈಲು ಮನೆಯ ಜೊತೆಗೇ ಸುಟ್ಟಿದೆ ಎಂದರೂ ತಾವು ಬೇಸರಿಸದೆ ಮೂರು ಸಲ ಆ ಬೂದಿಗೆ ಅಂಕಿ ಕಳಿಸಿದಿರಿ. ಇಂಥ ನಿಷ್ಠೆಯನ್ನು ನಾನು ಹೆತ್ತ ಮಕ್ಕಳಲ್ಲೂ ಕಂಡಿಲ್ಲ.

ತಮ್ಮಲ್ಲಿ ಬಸುರಿಯರಿಗೆ ಮೂರೇ ಖಾನೆಗಳಂತೆ: ಊರವಳು, ಕೂಲಿಗೆ ಬಂದವಳು, ತವರಿಗೆ ಬಂದವಳು. ಜೀವ ಉಳಿಸಿಕೊಂಡು ಓಡಿ ಬಂದವಳಿಗೆ ಖಾನೆಯಿಲ್ಲ. ತಮ್ಮನ್ನು ತಯಾರಿಸಿದವರ ದೇಶದಲ್ಲಿ ಯಾರೂ ಯಾರ ಮನೆಯನ್ನೂ ಸುಡುವುದಿಲ್ಲವೆಂದು ಕಾಣುತ್ತದೆ. ಅದು ಎಲ್ಲಿದೆಯೆಂದು ತಿಳಿಸಿದರೆ ಕಿಂಬೊಯಿಯನ್ನು ಅಲ್ಲಿಗೇ ಬಸ್ಸು ಹತ್ತಿಸುತ್ತೇನೆ. ಕೂಲಿಯವಳೆಂದು ಬರೆಯಲು, ಕೂಲಿಯವರನ್ನು ಕರೆತರುವ ಮುಕಾದಮನ ಚೀಟಿ ಬೇಕಂತೆ. ಕಬ್ಬು ಕಡಿಯುವ ಗ್ಯಾಂಗಿಗೆ ಮುಕಾದಮ ಇರುತ್ತಾನೆ. ಇವಳನ್ನು ಊರು ಬಿಡಿಸಿದವರ ಕೈಯಲ್ಲಿ ಕೊಳ್ಳಿಯಿದ್ದುದರಿಂದ ಚೀಟಿ ಬರೆದುಕೊಡಲು ಅವರಿಗೆ ಪುರಸೊತ್ತಾಗಲಿಲ್ಲ.

ಅದಕ್ಕೇ ನರ್ಸ್ ನೀಲಮಳಿಗೆ, ತವರಿನ ಖಾನೆಯಲ್ಲಿ ಬರಿ ಎಂದೆ. "ತವರಂದ್ರ ಅವ್ವ ಬೇಕಲ್ರಿ ಆಯಿ" ಎಂದಳು. "ಯಾಕ, ನಾ ಸತ್ತೀನೇನ ಬೇ?" ಎಂದೆ. ಚೊಚ್ಚಲ ಬಾಣಂತನ ತವರಿನದೆಂಬುದು ಈ ಕಡೆಯ ಪದ್ಧತಿ, ಸುಡದೆ ಉಳಿದ ತವರು ಅವಳಿಗೆ ನನ್ನದೊಂದೇ. ಹೋದ ವಾರ ಸೀಮಂತದ ಕುಬಸವನ್ನೂ ಮಾಡಿದೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಹೆಂಗಸರೆಲ್ಲ ಆರತಿ ಎತ್ತಿದರು. ನೀಲಮ ಎರಡು ಹೋಳಿಗೆ ತಿಂದು ಸಾಕ್ಷಿಯಾದಳು. ತಮಗೂ ಒಂದು ಎಲೆ ಹಾಕಿದ್ದೆ, ತಾವು ಬರಲಿಲ್ಲ. ಮರುದಿನ ತಾಯಿ ಮಗಳ ವಿವರ ಹೊಂದುತ್ತಿಲ್ಲವೆಂದು ಕೆಂಪು ಅಕ್ಷರ ತೋರಿಸಿದಿರಿ. ಮೂಗೂ ಹೊಂದುವುದಿಲ್ಲ, ಸಾಹೇಬರೇ. ನನ್ನ ಹಿರಿಯ ಮಗನ ಮೂಗೂ ನನಗೆ ಹೊಂದುವುದಿಲ್ಲ, ಅವನಿಗೆ ರೇಶನ್ ಕಾರ್ಡು ಕೊಡುವಾಗ ತಮ್ಮ ಬಳಗದವರು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು ರಕ್ತದ್ದಲ್ಲ. ಮೊನ್ನೆ ಪಕ್ಕದ ಹೊಲದ ಧನಪಾಲ, ಕಬ್ಬು ಕಡಿದ ಮೇಲೆ ಉಳಿದ ರವದಿಗೆ ಬೆಂಕಿ ಹಚ್ಚಿದ. ಹೊಗೆ ಕಂಡದ್ದೇ ಕಿಂಬೊಯಿ ಬಟ್ಟೆಯ ಗಂಟು ಕಟ್ಟಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಆ ಗಂಟು ಬಿಚ್ಚಿಸಲು ನನಗೆ ಸಂಜೆಯಾಯಿತು. ಕಬ್ಬಿನ ಸುಗ್ಗಿ ಮುಗಿಯುವವರೆಗೆ ದಿನಾ ಒಬ್ಬರಲ್ಲ ಒಬ್ಬರು ರವದಿ ಸುಡುತ್ತಾರೆ, ದಿನಾ ಅವಳು ಗಂಟು ಕಟ್ಟುತ್ತಾಳೆ. ಇದಕ್ಕೆ ಯಾವ ಡಾಕ್ಟರೆಂದು ಕೇಳಿದರೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಂತೆ, ಹೋಗುವ ಮುಂಚೆ ಕಾರ್ಡಿನ ಮೇಲೆ ಬರೆಸಿಕೊಳ್ಳಬೇಕಂತೆ. ಕಾರ್ಡು ತಮ್ಮ ಹೊಟ್ಟೆಯಲ್ಲಿದೆ.

ಆದ್ದರಿಂದ ವಿನಂತಿ ಏನೆಂದರೆ, ಆರು ಅಂಕಿ ಸಿಗುವವರೆಗೆ ಹೊರಗೆ ಬರಬೇಡವೆಂದು ಕೂಸಿಗೆ ತಾವೇ ಒಂದು ಮೆಸೇಜು ಕಳಿಸಿರಿ. ನಾನು ಹೇಳಿದರೆ ಕೇಳಲಿಕ್ಕಿಲ್ಲ, ಅಜ್ಜಿಯ ಹಟ ಬಂದಿರುತ್ತದೆ. ಅದಾಗದಿದ್ದರೆ ಉಳಿದ ಎರಡು ತಿಂಗಳು ತಾವೇ ಹೊತ್ತುಕೊಳ್ಳಿ; ಕರೆಂಟಿನ ಮೇಲೆ ಬದುಕುವವರಿಗೆ ರಕ್ತದ ಚಿಂತೆಯಿಲ್ಲ.

ತಮ್ಮ ವಿಶ್ವಾಸಿ, ಅದೂ ಇನ್ನು ಕೆಲವೇ ದಿನ,
ಗಂಗೂಬಾಯಿ
(ಕಿಂಬೊಯಿಯ ಅವ್ವ)

ತಾ.ಕ.: ತಾವು ಸ್ವಂತ ಬುದ್ಧಿಯಿಂದ ಏನೂ ಮಾಡುವವರಲ್ಲ, ತಮ್ಮನ್ನು ಒತ್ತುವ ಬೆರಳು ಮೇಲೆ ಎಲ್ಲೋ ಇದೆ ಎಂದು ನೀಲಮ ಹೇಳಿದಳು. ಹಾಗಿದ್ದರೆ ಈ ಪತ್ರ ಆ ಬೆರಳಿಗೆ. ಜನವರಿ ಐದಕ್ಕೆ ಕಿಂಬೊಯಿಗೆ ಎಂಟು ತುಂಬುತ್ತದೆ, ಅದರೊಳಗೆ ಉತ್ತರ ಬೇಕು.