ಹಿಂದಿನಿಂದ ನೋಡಿ ಕೊಂಡ ಕ್ಯಾಸೆಟ್ ಡೆಕ್

ನನ್ನ ಮೈದುನ ಕ್ಯಾಸೆಟ್ ಡೆಕ್ಕನ್ನು ಎತ್ತು ಕೊಂಡ ಹಾಗೆ ಕೊಳ್ಳುತ್ತಾನೆ. ನಗಬೇಡಿ, ಐ ಆಮ್ ಸೀರಿಯಸ್! ನಮ್ಮ ಮಾವನವರು ತಾಜಸುಲ್ತಾನಪುರದಲ್ಲಿ ಎತ್ತು ಆರಿಸುವುದಕ್ಕೆ ಹೆಸರಾದವರು. ಸಂತೆಯಲ್ಲಿ ಯಾವ ಎತ್ತನ್ನೇ ಆಗಲಿ, ಮೊದಲು ಅದರ ಹಿಂದೆ ನಿಂತು ನೋಡುತ್ತಿದ್ದರು. ಆಮೇಲೆ ನಡೆಸಿ ನೋಡುವುದು, ಬಾಯಿ ಬಿಡಿಸಿ ಹಲ್ಲು ನೋಡುವುದು, ಮೈ ಮುಟ್ಟಿ ಬಿಸಿ ನೋಡುವುದು. ಮಾರುವವನ ಮಾತನ್ನು ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲವಂತೆ. ಅವರ ಕಾಲಕ್ಕೆ ಎತ್ತು ಮುಗಿದವು. ವಿದ್ಯೆ ಎಲ್ಲಿ ಹೋಗಬೇಕು? ಮಗನ ಮೊಬೈಲಿಗೆ ಬಂತು!

ನಮ್ಮ ಮನೆಯವರು ತೀರಿಕೊಂಡ ವರ್ಷ ಮೈದುನನಿಗೆ ಈ ಹುಚ್ಚು ಹಿಡಿಯಿತು. ಕಲಬುರಗಿಯ ಕೋಟನೂರಿನಲ್ಲಿ ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾನು ನನ್ನ ಮಗಳ ಸಂಸಾರದೊಂದಿಗೆ, ಮೇಲೆ ಅವನು ಅವನ ಹೆಂಡತಿ. ಬೆಳಗಿನ ಚಹಾ ಮುಗಿದ ಕೂಡಲೇ ಮೊಬೈಲ್ ಹಿಡಿದು ಕೂರುತ್ತಾನೆ. ಯಾರೋ ಬಳಸಿ ಬಿಟ್ಟ ಆಂಪ್ಲಿಫೈಯರು, ಸ್ಪೀಕರು, ಹಳೆ ಟೇಪ್ ರೆಕಾರ್ಡರಿನ ದೊಡ್ಡಣ್ಣನಂಥ ಕ್ಯಾಸೆಟ್ ಡೆಕ್ಕು, ಎಲ್ಲವನ್ನೂ ಆನ್‌ಲೈನಿನಲ್ಲಿ ಜಾಲಾಡುತ್ತಾನೆ. ದುಃಖಕ್ಕೆ ಒಬ್ಬೊಬ್ಬರದು ಒಂದೊಂದು ಔಷಧ ಎಂದು ನಾನೂ ಸುಮ್ಮನಿದ್ದೆ.

ಅವನ ಮೊದಲ ಮೆಸೇಜು ಯಾವಾಗಲೂ ಒಂದೇ: "ಹಿಂದಿನ ಭಾಗದ ಫೋಟೋ ಕಳಸ್ರಿ." ಎರಡನೆಯದು: "ಚಾಲೂ ಮಾಡಿ ವಿಡಿಯೋ ಕಳಸ್ರಿ." ಮೂರನೆಯದು: "ಬಾಯಿ ತೆಗೆದು ತೋರಸ್ರಿ." ಬಾಯಿ ಎಂದರೆ ಕ್ಯಾಸೆಟ್ ಹಾಕುವ ಜಾಗ! ಒಬ್ಬ ಹುಡುಗ ತಾಳ್ಮೆ ತಪ್ಪಿ, "ಕಾಕಾ, ನಾ ಡೆಕ್ ಮಾರಾಕತ್ತೀನಿ, ಎತ್ತಲ್ಲ" ಎಂದು ಬರೆದ. ಮೈದುನ ಅದನ್ನು ಹೆಮ್ಮೆಯಿಂದ ನನಗೆ ತೋರಿಸಿದ. "ನೋಡ್ರಿ ವೈನಿ, ಅಪ್ಪನ ವಿದ್ಯಾ ಇದು ಅಂತ ಅಂವಗೂ ತಿಳೀತು!"

ಆದರೆ ಸುಮ್ಮನೆ ನಗುವ ಹಾಗಿಲ್ಲ. ಒಮ್ಮೆ ಒಬ್ಬ 'ಫೌಜಿ' ಗಂಟುಬಿದ್ದ. ತಾನು ಮಿಲಿಟರಿಯವನು, ಅರ್ಜೆಂಟ್ ಟ್ರಾನ್ಸ್‌ಫರ್ ಆಗಿದೆ, ವಾಲ್ವಿನ ಆಂಪ್ಲಿಫೈಯರನ್ನು ಅರ್ಧಕ್ಕರ್ಧ ಬೆಲೆಗೆ ಕೊಡುತ್ತೇನೆ, ಅಡ್ವಾನ್ಸ್ ಹಾಕಿ ಎಂದ. ವಾಲ್ವ್ ಎಂದರೆ ಬಲ್ಬಿನ ಹಾಗೆ ಉರಿಯುವ ಗಾಜಿನ ಬುರುಡೆ. ಹಳೆ ರೇಡಿಯೋಗಳಲ್ಲಿ ನೀವೂ ನೋಡಿರುತ್ತೀರಿ. ನನಗಂತೂ ಅವನ ಮೆಸೇಜುಗಳ ಇಂಗ್ಲಿಷು ಬಹಳ ಹಿಡಿಸಿತು, ಸೋ ಪೊಲೈಟ್! ಮೈದುನ ಫೋನಿನ ಸ್ಪೀಕರ್ ಹಾಕಿ ಕೇಳಿದ:

"ಸಾಹೇಬ್ರ, ಎಷ್ಟೊತ್ತಿನಿಂದ ಚಾಲೂ ಅದ ರೀ ಅದು?"

"ಒಂದು ಗಂಟೆಯಿಂದ ಸರ್, ಫಸ್ಟ್‌ಕ್ಲಾಸ್ ಹಾಡ್ತಾ ಇದೆ."

"ಹೌದೇನ್ರಿ? ಅದರ ನೆತ್ತಿ ಮ್ಯಾಲ ಕೈ ಇಟ್ಟು ಹೇಳ್ರಿ, ಹೆಂಗದ?"

"ಐಸ್ ಥರ ತಣ್ಣಗಿದೆ ಸರ್! ಬ್ರ್ಯಾಂಡ್ ನ್ಯೂ ಕಂಡಿಶನ್!"

ಮೈದುನ ಫೋನ್ ಇಟ್ಟ. "ವಾಲ್ವಿನ ಸೆಟ್ ಒಂದು ತಾಸು ಉರದ್ರ ಮ್ಯಾಲ ರೊಟ್ಟಿ ಸುಡಬಹುದು ವೈನಿ. ಇಂವನ ಹಂತ್ಯಾಕ ಸೆಟ್ಟೂ ಇಲ್ಲ, ಫೌಜೂ ಇಲ್ಲ." ಆ ಚಂದದ ಇಂಗ್ಲಿಷಿಗೆ ನಾನಾಗಿದ್ದರೆ ಅಡ್ವಾನ್ಸ್ ಹಾಕಿಯೇ ಬಿಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಎಲ್ಲ ಕಲಿಸಿದರು, ಇದೊಂದನ್ನು ಬಿಟ್ಟು!

ಇಷ್ಟು ಹುಷಾರಿನ ಮನುಷ್ಯನಿಗೆ ಡೆಕ್ಕಿನ ವಿಷಯದಲ್ಲಿ ಮಾತ್ರ ಮೋಸವೇ ಮೋಸ. ಹಿಂದಿನಿಂದ ನೋಡಿ, ನಡೆಸಿ ನೋಡಿ, ಒಂದಾದ ಮೇಲೊಂದು ಐದು ಕೊಂಡ. ಐದೂ 'ಡುಪ್ಲಿಕೇಟ್' ಆದವು. ಹೇಗೆ ಗೊತ್ತಾಯಿತು ಎನ್ನುತ್ತೀರಾ? ಅವನ ಬಳಿ ಒಂದು ಟೆಸ್ಟ್ ಕ್ಯಾಸೆಟ್ ಇದೆ. ಲೋಕವೆಲ್ಲ ಒಳ್ಳೆಯ ಸಂಗೀತ ಹಾಕಿ ಡೆಕ್ ಪರೀಕ್ಷೆ ಮಾಡಿದರೆ, ಈ ಮಹಾಶಯ ಪರೀಕ್ಷಿಸುವುದು ನನ್ನ ಇಂಗ್ಲಿಷ್ ಪಾಠದಿಂದ!

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇವನು ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಕೂತಿದ್ದ. ನಮ್ಮ ಮನೆಯವರು ಒಂದು ಟೇಪ್ ರೆಕಾರ್ಡರ್ ತಂದರು. ನಾನು 'ಲೆಟರ್ ರೈಟಿಂಗ್' ಓದಿ ರೆಕಾರ್ಡ್ ಮಾಡಿಕೊಟ್ಟೆ. "ಐ ಆಮ್ ಪೇನ್ಡ್ ಟು ಇನ್‌ಫಾರ್ಮ್ ಯೂ..." ಎಂದು ನಾನು ಉಲಿಯುತ್ತಿದ್ದರೆ ಹಿಂದೆ ಅತ್ತೆಯವರು, "ಏ ತಂಗಿ, ಬ್ಯಾಳಿ ಹೊತ್ತಾಕತ್ತದ!" ಎಂದು ಕೂಗುತ್ತಾರೆ. ಪ್ರತಿ ಪುಟ ತಿರುವಿದಾಗಲೂ ಹೊಸ ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ ಝಲ್ ಎನ್ನುತ್ತವೆ. ಒಂದು ಕಡೆ ಮೇಜಿಗೆ ತಾಗಿ ಒಂದು ಬಳೆ ಒಡೆದೇ ಹೋಗುತ್ತದೆ. ಅದೂ ರೆಕಾರ್ಡಾಗಿದೆ. ಮೈದುನ ಆ ಸಲ ಪಾಸಾದ, ನನ್ನ ಪಾಠ ಬಾಯಿಪಾಠವಾಗಿ.

ಈಗ ಯಾವ ಡೆಕ್ಕಿಗೆ ಹಾಕಿದರೂ ನನ್ನ ಮಾತು ಬರುತ್ತದೆ, ಅತ್ತೆಯವರ ಬೇಳೆ ಬರುತ್ತದೆ, ಬಳೆ ಬರುವುದಿಲ್ಲ ಎಂದು ಅವನ ದೂರು. ತಾನೊಬ್ಬನೇ ಮೇಲಿನ ಕೋಣೆಯ ಬಾಗಿಲು ಹಾಕಿಕೊಂಡು ಕೇಳುವುದು, ಕೆಳಗಿಳಿದು ಬಂದು ತೀರ್ಪು ಕೊಡುವುದು! ಐದೂ ಜನ ಮಾರಿದವರಿಗೆ ನಾನು ಕಲಿಸಿದ ಇಂಗ್ಲಿಷಿನಲ್ಲೇ ಮೆಸೇಜು ಹೋಯಿತು: "ಐ ಆಮ್ ಪೇನ್ಡ್ ಟು ಇನ್‌ಫಾರ್ಮ್ ಯೂ ದಟ್ ಯೂ ಆರ್ ಎ ಥೀಫ್."

ಆರನೆಯದು ಕಮಲಾಪುರದಲ್ಲಿ ಸಿಕ್ಕಿತು. ಆ ಜಾಹೀರಾತಿನಲ್ಲಿ ಮೋಸದ ಎಲ್ಲ ಲಕ್ಷಣಗಳೂ ಇದ್ದವು. ತೀರ ಕಡಿಮೆ ಬೆಲೆ, ಮಂಜು ಮಂಜು ಫೋಟೋ, ಹಿಂಭಾಗ ಕೇಳಿದರೆ ಉತ್ತರವಿಲ್ಲ. ಅಡ್ವಾನ್ಸ್ ಮಾತ್ರ ಬೇಡವಂತೆ. ಬದಲಿಗೆ ಮಾರುವವನೇ ಇವನಿಗೆ ಬರೆದ: "ಇವತ್ತಿನ ಪೇಪರ್ ಕೈಯಾಗ ಹಿಡಕೊಂಡು ನಿಮ್ದು ಫೋಟೋ ಕಳಸ್ರಿ. ನೀವು ಖರೇ ಮನಶಾ ಅಂತ ನಂಗೂ ಗೊತ್ತಾಗಬೇಕಲ್ರಿ!" ಮೈದುನ ಜೀವನದಲ್ಲಿ ಮೊದಲ ಸಲ ತಾನೇ ಎತ್ತಾದ.

ಹೊರಡುವ ಮುನ್ನ ಅವನ ಮುಖದಲ್ಲಿ ನಗುವಿರಲಿಲ್ಲ. "ನೀವೂ ಬರ್ರಿ ವೈನಿ. ಐದು ಸೆಟ್ಟೂ ಖೊಟ್ಟಿ ಅಂದ್ರ ನನಗೇ ಸಂಶಯ ಬರಾಕತ್ತದ. ಕ್ಯಾಸೆಟ್ಟೇ ಸತ್ತದೋ ಏನೋ. ಇದರಾಗೂ ಬಳಿ ಬರಲಿಲ್ಲಂದ್ರ ಮತ್ತ ಹುಡುಕೂದಿಲ್ಲ." ಹಳೆ ಕ್ಯಾಸೆಟ್ಟಿಗೆ ಇಷ್ಟು ಯಾಕೆ ಕೊರಗು ಎಂದು ನನಗೆ ಅರ್ಥವಾಗಲಿಲ್ಲ. ಆದರೂ ಸೀರೆ ಬದಲಿಸಿ ಬಸ್ಸು ಹತ್ತಿದೆ.

ಮಾರುವವರು ವಯಸ್ಸಾದ ಟೇಲರ್ ಚಾಚಾ. ಅಂಗಡಿಯಲ್ಲಿ ಒಂದು ಹೊಲಿಗೆ ಮಷೀನು, ಒಂದು ಗೊನೆ ಕೆಂಪು ಬಾಳೆಹಣ್ಣು, ಬಟ್ಟೆ ಮುಚ್ಚಿದ ಡೆಕ್ಕು, ಎರಡು ಸ್ಪೀಕರು.

"ಆವೋ ಸಾಬ್, ಫೋಟೋದಾಗಿಂದಕ್ಕಿಂತ ಚಲೋ ಕಾಣ್ತೀರಿ!"

"ಫೋಟೋ ಯಾಕ್ರಿ ಹಂಗ ಮಂಜು ಹಾಕೀರಿ?" ಮೈದುನ ನೇರ ವಿಚಾರಣೆಗಿಳಿದ.

"ಮಂಜು ಇತ್ತೇನ್ರಿ? ನನಗ ಈಗ ಎಲ್ಲಾ ಹಂಗೇ ಕಾಣ್ತದ. ಕಣ್ಣು ಹೋದ್ವು, ಸೂಜ್ಯಾಗ ದಾರ ಹೋಗಂಗಿಲ್ಲ. ದುಕಾನ್ ಬಂದ್ ಮಾಡಾಕತ್ತೀನಿ. ಇದು ಯಾರರ ಹಾಡ್ಸೋರ ಮನೀಗೆ ಹೋಗ್ಲಿ."

ಮೈದುನ ಡೆಕ್ಕಿನ ಹಿಂದೆ ನಿಂತು ನೋಡಿದ, ಬಾಯಿ ಬಿಡಿಸಿದ, ನೆತ್ತಿ ಮುಟ್ಟಿದ. ಕ್ಯಾಸೆಟ್ ಹಾಕಿ ಕಣ್ಣು ಮುಚ್ಚಿದ. ನನ್ನ ಇಪ್ಪತ್ತೆರಡರ ದನಿ ಟೇಲರ್ ಅಂಗಡಿಯಲ್ಲಿ ಪತ್ರ ಬರೆಯತೊಡಗಿತು. ಪುಟ ತಿರುಗಿತು. ಝಲ್!

"ಇಲ್ಲ," ಎಂದ ಮೈದುನ. "ಬಳಿ ಇಲ್ಲ. ಕ್ಯಾಸೆಟ್ಟೇ ಸತ್ತದ."

"ಏನು ಹೇಳ್ತಿಯಪಾ! ಈಗ ತಾನೇ ಬಂತಲ್ಲ!" ಎಂದೆ.

ಅವನು ನನ್ನನ್ನು ನೋಡಿದ. ಮಾರುವವನ ಮಾತು ನಂಬದವನು ಅತ್ತಿಗೆಯ ಮಾತು ನಂಬುತ್ತಾನೆಯೇ? "ಸಮಾಧಾನ ಮಾಡಬ್ಯಾಡ್ರಿ ವೈನಿ. ಪರೀಕ್ಷಾ ಮಾಡೂಣು." ಚಾಚಾನನ್ನು ಒಂದು ಗೋಡೆಗೆ ಮುಖ ಮಾಡಿಸಿದ, ನನ್ನನ್ನು ಎದುರಿನ ಗೋಡೆಗೆ. ಬಳೆ ಕೇಳಿದಾಗೊಮ್ಮೆ ಬೆರಳೆತ್ತಬೇಕು. ಈ ವಯಸ್ಸಿನಲ್ಲಿ ಪನಿಶ್‌ಮೆಂಟ್! ಸಿಸ್ಟರುಗಳು ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಟೇಪು ಓಡಿತು. ಬೆರಳೆತ್ತಿದೆ. ಮತ್ತೆ ಎತ್ತಿದೆ. ಮೂರನೆಯ ಸಲವೂ ಎತ್ತಿದೆ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ ಚಾಚಾ ಬೆಚ್ಚಿಬಿದ್ದು, "ಅರೇ, ಚೂಡೀ ಟೂಟ್ ಗಯೀ ನಾ!" ಎಂದರು.

ಬಳೆ ಒಡೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ತಿರುಗಿದೆ. ಮೈದುನ ಡೆಕ್ಕಿನ ಮೇಲೆ ಕೈಯಿಟ್ಟು ಕೂತಿದ್ದ. ಟೇಪನ್ನು ಹಿಂದಕ್ಕೆ ಓಡಿಸಿದ, ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದ, ತಲೆಯಾಡಿಸಿದ. ಆಮೇಲೆ ನಿಧಾನವಾಗಿ, "ಇಬ್ಬರೂ ಕೂಡೇ ಬಟ್ಟು ಎತ್ತಿದ್ರಿ. ಸೆಟ್ ಚಲೋ ಅದ. ಕ್ಯಾಸೆಟ್ಟೂ ಜೀವಂತ ಅದ. ಮಾತು ಕೇಳ್ತದ, ಇಂಥಾ ಸಣ್ಣ ಸಪ್ಪಳ ಕೇಳಂಗಿಲ್ಲ. ಖೊಟ್ಟಿ ಇದ್ದದ್ದು ನನ್ನ ಕಿವಿ" ಎಂದ.

ಅಳುತ್ತಾನೇನೋ ಎಂದುಕೊಂಡೆ. ಅವನು ನಕ್ಕ! ಎರಡು ವರ್ಷ ಹೊತ್ತ ಮೂಟೆ ಇಳಿಸಿದವನ ಹಾಗೆ ಕಾಲು ಚಾಚಿ ಕೂತ. ಚಾಚಾ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ. ಚಾಚಾ ಬಾಳೆಹಣ್ಣಿನ ಗೊನೆಯನ್ನೂ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಮೊದಲ ಕೆಲಸ, ಐದು ಮೆಸೇಜು. ನಾನು ಹೇಳಿದೆ, ಅವನು ಒತ್ತಿದ: "ಐ ಆಮ್ ಪ್ಲೀಸ್ಡ್ ಟು ಇನ್‌ಫಾರ್ಮ್ ಯೂ ದಟ್ ಯೂ ಆರ್ ನಾಟ್ ಎ ಥೀಫ್."

"ನಾಳೆ ಕಿವಿ ಡಾಕ್ಟರ ಹತ್ರ ಹೋಗೂಣು," ಎಂದೆ.

"ಹೂಂ. ಮಷೀನ್ ಮಾತ್ರ ಹಿಂದಿನಿಂದ ನೋಡೇ ತಗೋತೀನಿ."

"ಒಂದು ಕೇಳ್ತೀನಿ. ಇಷ್ಟು ವರ್ಷ ಎಲ್ಲೋ ಬಿದ್ದಿದ್ದ ಕ್ಯಾಸೆಟ್ಟಿಗೆ ಈಗ ಯಾಕೋ ಇಷ್ಟು ಒದ್ದಾಡಿದಿ?"

ತಾನು ಮೆಲ್ಲಗೇ ಹೇಳಿದೆ ಎಂದು ಅವನು ಅಂದುಕೊಂಡ. ಆದರೆ ಕಿವಿ ಮಂದವಾದವರಿಗೆ ಮೆಲ್ಲಗೆ ಎಂಬುದು ಇಲ್ಲ, ಇಡೀ ಬಸ್ಸು ಕೇಳಿಸಿಕೊಂಡಿತು.

"ಅಣ್ಣ ಹೋದ ದಿನ ನೀವು ಬಳಿ ತೆಗೆದಿಟ್ರಿ ವೈನಿ. ಮನಿ ಗಪ್ಪಾತು. ಆ ಸಪ್ಪಳ ಈ ಕ್ಯಾಸೆಟ್ಟಿನಾಗರ ಉಳದದ ಅಂತ..."

ಅವನು ಕಿಟಕಿಯ ಹೊರಗೆ ನೋಡಿದ. ರಸ್ತೆಯ ಹಂಪು ಬಂತು. ನಾನು ನನ್ನ ಬರಿಗೈಗಳನ್ನು ಚಾಚಿ, ಅವನ ತೊಡೆಯ ಮೇಲಿದ್ದ ಡೆಕ್ಕನ್ನು ಅಲುಗದ ಹಾಗೆ ಹಿಡಿದುಕೊಂಡೆ. ಕಲಬುರಗಿ ಬರುವವರೆಗೂ ಬಿಡಲಿಲ್ಲ.