ಮಾವನ ಅಂಗೈ ಮೇಲಿನ ನೆಲಗಪ್ಪೆ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂಬ ಬಗ್ಗೆ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎರಡು ಮಾತಿರಲಿಲ್ಲ! ಪಾರ್ಕಿಂಗಿಗಾಗಿ ವರ್ಷವಿಡೀ ಕಚ್ಚಾಡುವ ಎ ವಿಂಗ್, ಬಿ ವಿಂಗ್‌ನವರು ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ.

ಬಾರದೆ ಇರುತ್ತಾರೆಯೇ ಮತ್ತೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಿರಿಯರೊಬ್ಬರು ದಿನಾ ಸಂಜೆ ಕಾಂಪೌಂಡಿನ ನಲ್ಲಿಯ ಬಳಿ ಬಗ್ಗಿ, ಮೈತುಂಬ ಗಂಟುಗಳಿರುವ ದಪ್ಪ ನೆಲಗಪ್ಪೆಯನ್ನು ಎತ್ತಿ ಅಂಗೈ ಮೇಲೆ ಕೂರಿಸಿಕೊಂಡರೆ ಜನ ಏನೆಂದುಕೊಳ್ಳಬೇಕು?

ಇದೆಲ್ಲ ಶುರುವಾದದ್ದು ನನ್ನ ಮಗಳಿಂದ. ಏಳು ವರ್ಷದ ಅವಳ ಕೈಮೇಲೆ ನರಹುಲಿ ಎದ್ದವು. ಕಪ್ಪೆ ಮುಟ್ಟಿದ್ದಕ್ಕೇ ಬಂದಿದೆಯೆಂದು ಬಿಲ್ಡಿಂಗಿನ ಮಕ್ಕಳು ಅವಳ ಕೈ ಹಿಡಿಯುವುದನ್ನೇ ಬಿಟ್ಟರು. ಕಪ್ಪೆಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಮಕ್ಕಳ ಮುಂದೆ ಡಾಕ್ಟರ ಮಾತು ನಡೆಯುತ್ತದೆಯೇ! ಮಗಳು ಬಾಲ್ಕನಿಯಲ್ಲೇ ನಿಂತು ಕೆಳಗಿನ ಆಟ ನೋಡುವಂತಾಯಿತು.

ಅದನ್ನು ಕಂಡ ಮರುದಿನವೇ ಮಾವ ಕಪ್ಪೆ ಎತ್ತಿಕೊಂಡು, ಕೈಗೇನಾಗಿದೆ ನೋಡಿ ಎಂದು ಮಕ್ಕಳ ಮುಂದೆ ನಿಂತರು. "ದೇಖೋ! ಮೇರಾ ಹಾಥ್ ಕೋ ಕುಛ್ ಹುವಾ ಕ್ಯಾ?"

"ಕಲ್ ಹೋಗಾ, ಅಂಕಲ್," ಎಂದು ನಾಳೆಗೆ ವಾಯಿದೆ ಹಾಕಿದಳು ಎರಡು ಜಡೆಯ ಪುಟ್ಟ ವಕೀಲೆ.

ಸರಿ, ಮಾವ ಮರುದಿನವೂ ಹಾಜರ್! ಅಂದು ಕಪ್ಪೆ ಅವರ ಇಸ್ತ್ರಿ ಅಂಗಿಯ ಮೇಲೆಯೇ ಉಚ್ಚೆ ಹೊಯ್ದಿತು. "ಇರ್ಲಿ ಬಿಡು, ಪರಿಚಯ ಆತು," ಎಂದರು ನನ್ನ ಕಡೆ ತಿರುಗಿ. ಸೊಸೈಟಿಯ ಸೆಕ್ರೆಟರಿ ಮೊಬೈಲ್ ನೋಡಿ, ಇದರ ಹೆಸರು ಕಾಮನ್ ಟೋಡ್ ಎಂದು ಘೋಷಿಸಿದಾಗ ಮಾತ್ರ ಮಾವನಿಗೆ ಸಿಟ್ಟೇ ಬಂತು. "ಕಾಮನ್ ಕೈಸಾ? ಪೂರಾ ಸೊಸೈಟಿ ಮೇ ಕಾಕ್ರೋಚ್ ಖಾನೇವಾಲಾ ದೂಸರಾ ಮೆಂಬರ್ ಕೌನ್ ಹೈ, ಬೋಲೋ!" ಜಿರಲೆ ತಿನ್ನುವ ಇನ್ನೊಬ್ಬ ಮೆಂಬರನ್ನು ತೋರಿಸಿ ಎಂಬುದು ಅವರ ಸವಾಲು.

ಹೀಗೆ ಒಂದು ತಿಂಗಳು. ಮಾವನ ಕೈಗೆ ಏನೂ ಆಗಲಿಲ್ಲ. ಕೊನೆಗೊಂದು ಸಂಜೆ ಆ ಪುಟ್ಟ ವಕೀಲೆಯೇ ಮೇಲೆ ಬಂದು, ನರಹುಲಿ ಇನ್ನೂ ಹಾಗೇ ಇದ್ದ ನನ್ನ ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು.

ನಾನು ಖುಷಿಗೆ ಡಬ್ಬಿಯಲ್ಲಿ ಸಿಹಿ ಶಿರಾ ತುಂಬಿಕೊಂಡು ಮಾವನ ಮನೆಗೆ ಓಡಿದೆ. ಬಚ್ಚಲಲ್ಲಿ ನೀರಿನ ಸದ್ದು. ಅತ್ತೆ ದನಿ ತಗ್ಗಿಸಿದರು: "ಕೈ ತೊಳ್ಯಾಕ ಹತ್ತ್ಯಾರವ್ವ, ಅರ್ಧ ತಾಸಾತು. ಸಣ್ಣಾಂವಿದ್ದಾಗಿಂದ ಕಪ್ಪಿ ಅಂದ್ರ ಜೀವಾನ ಹೋಗ್ತೈತಿ ಅವ್ರಿಗೆ. ತಿಂಗಳಾತು, ರಾತ್ರಿ ಊಟಾನೂ ಚಮಚದಾಗ!"

ಮಾವ ಹೊರಗೆ ಬಂದರು. "ಸಾಕು ಬಿಡ್ರಿ ಮಾಮಾ, ಆಕಿ ಆಟಕ್ಕ ಹೋದ್ಲು," ಎಂದೆ.

"ಇನ್ನೂ ನಾಕ್ ದಿವ್ಸ ಹಿಡೀತೀನಿ ತಡಿ ಬೇ. ಹುಡುಗ್ರಿಗೆ ಪಕ್ಕಾ ಆಗ್ಲಿ."

ಒದ್ದೆಯಾಗಿದ್ದ ಆ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ.