ಎಂಟು ಶಾಲು, ಏಳು ಕುರ್ಚಿ

ಲೆಕ್ಕಾಚಾರದಲ್ಲಿ ನನ್ನನ್ನು ಮೀರಿಸುವವರು ಇಡೀ ಕೇಂದ್ರ ಸರ್ಕಾರದಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಂದು ಜನವರಿಯ ಭಾನುವಾರ ಸಂಜೆಗೆ ಮುಗಿಯಿತು.

ಆಗ ನಾವು ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ನಾನು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ನಮ್ಮ ಕಡೆಯ ಕನ್ನಡಿಗರೆಲ್ಲ ಸೇರಿ ಮಾಡಿಕೊಂಡಿದ್ದ ಸಣ್ಣ ಸಂಘ ಆ ವರ್ಷ ಮೊದಲ ಬಾರಿಗೆ ಕ್ರೀಡಾ ಸನ್ಮಾನ ಮತ್ತು ಭೋಜನಕೂಟ ಇಟ್ಟುಕೊಂಡಿತ್ತು. ಖೋ ಖೋ, ಓಟ, ಉದ್ದ ಜಿಗಿತಗಳಲ್ಲಿ ಬಹುಮಾನ ತಂದ ಆರು ಮಕ್ಕಳು, ಅವರನ್ನು ತಯಾರು ಮಾಡಿದ ಕೋಚ್ ಸಿದ್ದಪ್ಪ, ಒಟ್ಟು ಏಳು ಜನರಿಗೆ ಸನ್ಮಾನ. ಆರು ಮಕ್ಕಳಲ್ಲಿ ನನ್ನ ಮಗಳು ಮೇಘಾಳೂ ಒಬ್ಬಳು. ಸನ್ಮಾನದ ಸಂಪೂರ್ಣ ಹೊಣೆ, ಜೊತೆಗೆ ಕಾರ್ಯಕ್ರಮದ ನಿರೂಪಣೆ, ಎರಡೂ ನನ್ನ ಹೆಗಲಿಗೆ ಬಂದವು. ಬಂದವು ಎಂದರೆ ನಾನೇ ಕೇಳಿ ಹಾಕಿಸಿಕೊಂಡೆ.

ಸಿದ್ದಪ್ಪ ಓಖ್ಲಾದ ರೆಡಿಮೇಡ್ ಬಟ್ಟೆಯ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್. ಮನೆ ಘಾಜಿಯಾಬಾದಿನಲ್ಲಿ. ಪ್ರತಿ ಭಾನುವಾರ ನಸುಕಿನಲ್ಲೇ ಎದ್ದು, ಲೋಕಲ್ ಟ್ರೇನು, ಬಸ್ಸು ಹಿಡಿದು ನಮ್ಮ ಪಾರ್ಕಿಗೆ ಬಂದು ಮಕ್ಕಳಿಗೆ ಆಟ ಕಲಿಸುತ್ತಿದ್ದ. ಬಿಡಿಗಾಸೂ ಮುಟ್ಟುತ್ತಿರಲಿಲ್ಲ. ಸನ್ಮಾನದ ಸುದ್ದಿ ಹೇಳಿದಾಗ ಪಾರ್ಕಿನ ಮೂಲೆಗೆ ನನ್ನನ್ನು ಕರೆದುಕೊಂಡು ಹೋಗಿ ಸಂಕೋಚದಿಂದ ಕೇಳಿದ.

"ಸರ್, ಒಂದು ಶಾಲು ಹೊದಿಸ್ತೀರಾ?"

"ಶಾಲಿಲ್ಲದೆ ಸನ್ಮಾನ ಉಂಟೇನಪ್ಪಾ?"

"ಅದಲ್ಲ ಸರ್. ಅವತ್ತು ಮನೆಯವಳನ್ನ ಕರ್ಕೊಂಡು ಬರ್ತೀನಿ. ಮಕ್ಕಳಿಗೆ ಆಟ ಹೇಳ್ಕೊಡ್ತೀನಿ ಅಂದ್ರೆ ಅವಳು ನಂಬಲ್ಲ. ಐವತ್ತು ವರ್ಷದ ಗಂಡಸಿಗೆ ಎಂಥ ಆಟ ಅಂತಾಳೆ. ಸರ್ಟಿಫಿಕೇಟ್ ತೋರಿಸಿದ್ರೆ, ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೀಬೇಡಿ ಅಂತಾಳೆ. ಎಲ್ಲರ ಎದುರಿಗೆ ಒಂದು ಶಾಲು ಬಿದ್ರೆ ಅವಳಿಗೆ ಗೊತ್ತಾಗುತ್ತೆ ಸರ್."

"ನಿನ್ನ ಶಾಲಿಗೆ ನಾನು ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡು ಹೇಳಿದೆ.

ಅಂದೇ ಮಾರ್ಕೆಟ್ಟಿಗೆ ಹೋಗಿ ಶಾಲು ತಂದೆ. ಸನ್ಮಾನಿತರು ಏಳು, ಮುಖ್ಯ ಅತಿಥಿ ಒಬ್ಬರು, ಒಟ್ಟು ಎಂಟು. ಮಂಚದ ಮೇಲೆ ಅವನ್ನು ಸಾಲಾಗಿ ಹರಡಿ ನೋಡಿ ಆನಂದಪಟ್ಟೆ. ನನ್ನ ಹೆಂಡತಿ ಪದ್ಮಾ ಬಾಗಿಲಲ್ಲಿ ನಿಂತು ಎಣಿಸಿದಳು.

"ರೀ, ಎಂಟೇನಾ? ಇನ್ನೊಂದು ಹತ್ತು ತನ್ನಿ."

"ಯಾಕೆ? ಅಗತ್ಯ ಎಷ್ಟೋ ಅಷ್ಟೇ ಖರೀದಿ ಮಾಡಬೇಕು. ಸರ್ಕಾರದ ನಿಯಮವೇ ಹಾಗಿದೆ."

"ಸರ್ಕಾರದ ಸ್ಟೇಜ್ ಅಲ್ಲಾರೀ, ಇದು ನಮ್ಮವರ ಸ್ಟೇಜು. ಯಾರು ಯಾರು ಹತ್ತಿ ಕೂರ್ತಾರೋ ಯಾರಿಗೆ ಗೊತ್ತು?"

"ನಾನು ಕರೆದವರು ಮಾತ್ರ ಹತ್ತುತ್ತಾರೆ" ಎಂದೆ ಗಂಭೀರವಾಗಿ. ದುರದೃಷ್ಟವೆಂದರೆ, ಆ ಮಾತು ಅಕ್ಷರಶಃ ನಿಜವಾಯಿತು.

ಭಾನುವಾರ ಸಂಜೆ ಐದೂವರೆಗೆ ಹಾಲ್ ತುಂಬಿತು. ಹಿಂದಿನಿಂದ ಬಿಸಿಬೇಳೆ ಭಾತಿನ ಘಮ ಬರುತ್ತಿತ್ತು. ಚಳಿಯೋ ಚಳಿ, ಮಾತಾಡಿದರೆ ಬಾಯಿಂದ ಹೊಗೆ. ಸಿದ್ದಪ್ಪ ಇಸ್ತ್ರಿ ಮಾಡಿದ ಹೊಸ ಶರ್ಟು ತೊಟ್ಟು, ಸ್ವೆಟರ್ ಹಾಕದೆ ಬಂದಿದ್ದ. ಶಾಲಿನ ಅಡಿಯಲ್ಲಿ ಸ್ವೆಟರ್ ಚೆನ್ನಾಗಿ ಕಾಣುವುದಿಲ್ಲವಂತೆ. ಅವನ ಹೆಂಡತಿ ಗಿರಿಜಮ್ಮ ನೀಲಿ ಶಾಲು ಹೊದ್ದು ಮೊದಲ ಸಾಲಿನಲ್ಲಿ ಕೂತಿದ್ದರು. ಮುಖ ನೋಡಿದರೆ ಮೋಸ ಹಿಡಿಯಲು ಬಂದವರ ಹಾಗಿತ್ತು.

ಮುಖ್ಯ ಅತಿಥಿಗಳು ಮಾತ್ರ ಬರಲಿಲ್ಲ. ನಿವೃತ್ತ ಹಿರಿಯ ಅಧಿಕಾರಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಾಲಿನವರು ಹಾಕಿಟ್ಟ ಏಳು ಕುರ್ಚಿಗಳ ಉದ್ದನೆಯ ವೇದಿಕೆಯಲ್ಲಿ ಸಂಘದ ಅಧ್ಯಕ್ಷರಾದ ಅನಂತಯ್ಯನವರು ಒಬ್ಬರೇ ಕೂತಿದ್ದರು. ನೋಡಲು ಸಂಕಟವಾಗುತ್ತಿತ್ತು. ನಿರೂಪಕನಾದವನು ಸಭೆಯ ಶೋಭೆ ಕಾಪಾಡಬೇಕಲ್ಲವೇ? ಮೈಕು ಹಿಡಿದು ಕರೆಯತೊಡಗಿದೆ.

"ಮಾಜಿ ಅಧ್ಯಕ್ಷರು ದಯಮಾಡಿ ವೇದಿಕೆಯನ್ನು ಅಲಂಕರಿಸಬೇಕು. ಇಂದಿನ ಊಟದ ದಾನಿಗಳು ಅಲಂಕರಿಸಬೇಕು. ನಮ್ಮ ಕಾಲೊನಿಯ ಹಿರಿಯರು ಅಲಂಕರಿಸಬೇಕು."

ಹೀಗೆ ಐವರು ಅಲಂಕರಿಸಿದರು. ಏಳನೆಯ ಕುರ್ಚಿಗೆ ಸರಿಯಾಗಿ ಮುಖ್ಯ ಅತಿಥಿಗಳೂ ಬಂದರು. ನಾನು ಅವರಿಗೊಂದು ಶಾಲು ತೆಗೆದೆ. ಅನಂತಯ್ಯನವರು ನನ್ನ ಕೋಟು ಹಿಡಿದೆಳೆದು ಕಿವಿಯಲ್ಲಿ ಉಸುರಿದರು.

"ಉಳಿದವರಿಗೆ?"

"ಉಳಿದವರು ಸುಮ್ಮನೆ ಕೂತಿದ್ದಾರಲ್ಲ ಸರ್."

"ವೇದಿಕೆ ಮೇಲೆ ಕರೆದು ಶಾಲು ಹೊದಿಸದೆ ಕಳಿಸ್ತಾರೇನಯ್ಯಾ? ಒಬ್ಬರಿಗೆ ಹಾಕಿ ಇನ್ನೊಬ್ಬರನ್ನ ಬಿಟ್ರೆ ನಾಳೆ ಬೆಳಗಾಗೋದ್ರಲ್ಲಿ ಎರಡು ಸಂಘ ಆಗಿರುತ್ತೆ."

ಏಳೂ ಜನರಿಗೆ ಶಾಲು ಬಿತ್ತು. ಅನಂತಯ್ಯನವರು "ಛೇ ಛೇ, ನನಗ್ಯಾಕೆ" ಎನ್ನುತ್ತಲೇ ಕುತ್ತಿಗೆ ಮುಂದೆ ಚಾಚಿದರು.

ಆದರೂ ನಾನು ಧೃತಿಗೆಡಲಿಲ್ಲ. ನಮ್ಮಲ್ಲಿ ಶಾಲು ಹೊದಿಸಿಕೊಂಡವರು ಮಾಡುವ ಮೊದಲ ಕೆಲಸವೆಂದರೆ ಅದನ್ನು ತೆಗೆದು ಕುರ್ಚಿಯ ಬೆನ್ನಿಗೆ ಹಾಕುವುದು. ಸನ್ಮಾನವೆಂದರೆ ಒಂದು ನಿಮಿಷ, ಫೋಟೋ ತೆಗೆಯುವಷ್ಟು ಹೊತ್ತು. ನಿಧಾನವಾಗಿ ಹಿಂದಿನಿಂದ ಹೋಗಿ ಒಂದೊಂದಾಗಿ ಎತ್ತಿಕೊಂಡರಾಯಿತು ಎಂದು ಯೋಜನೆ ಹಾಕಿ ಕಾದೆ. ಐದು ನಿಮಿಷ ಕಾದೆ. ಯಾರೂ ತೆಗೆಯಲಿಲ್ಲ. ದೆಹಲಿಯ ಜನವರಿ! ಏಳೂ ಗಣ್ಯರು ಶಾಲನ್ನು ಕಿವಿಯವರೆಗೆ ಎಳೆದುಕೊಂಡು ಬೆಚ್ಚಗೆ ಕೂತಿದ್ದರು.

ನನ್ನ ಬಳಿ ಉಳಿದದ್ದು ಒಂದು ಶಾಲು, ಏಳು ಸನ್ಮಾನಿತರು. ಎರಡನೆಯ ಸಾಲಿನಲ್ಲಿ ಕೂತಿದ್ದ ಪದ್ಮಾ ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಆಪತ್ಕಾಲದಲ್ಲಿ ನನ್ನ ಬುದ್ಧಿ ಚುರುಕಾಗುತ್ತದೆ ಎಂಬುದು ನನ್ನ ಇನ್ನೊಂದು ನಂಬಿಕೆ. ಮಕ್ಕಳು ಬಲಗಡೆಯಿಂದ ವೇದಿಕೆ ಹತ್ತಿ, ಶಾಲು, ಸ್ಮರಣಿಕೆ ಪಡೆದು, ಎಡಗಡೆ ಇಳಿದು ವೇದಿಕೆಯ ಬೆನ್ನಿಗೆ ಕಟ್ಟಿದ್ದ ಬ್ಯಾನರಿನ ಹಿಂದೆ ಹೋಗಬೇಕೆಂದು ಘೋಷಿಸಿದೆ. ಮಗು ಇಳಿದ ಕೂಡಲೇ ನಾನು ಬ್ಯಾನರಿನ ಹಿಂದೆ ಓಡುವುದು, ಶಾಲು ಕಿತ್ತುಕೊಳ್ಳುವುದು, ಬಲಗಡೆಯಿಂದ ಪ್ರತ್ಯಕ್ಷನಾಗಿ ಮುಂದಿನ ಮಗುವಿನ ಹೆಸರು ಕೂಗುವುದು. ಅಲ್ಲಿಯವರೆಗೆ ಸಭಿಕರು ಚಪ್ಪಾಳೆ ನಿಲ್ಲಿಸಬಾರದೆಂದು ಕೋರಿಕೊಂಡೆ.

ಬ್ಯಾನರಿನ ಹಿಂದೆ ಮೊದಲು ಬಂದವಳು ಮೇಘಾ.

"ಪಪ್ಪಾ, ಯೆ ಕ್ಯಾ ಕರ್ ರಹೇ ಹೋ? ಅದು ನನ್ ಶಾಲ್ ಅಲ್ವಾ?"

"ಮನೇಲಿ ಕೊಡ್ತೀನಿ, ಬಿಡು."

"ಸೋ ಎಂಬರಾಸಿಂಗ್" ಎಂದು ಶಾಲು ಬಿಟ್ಟಳು.

ಎರಡು, ಮೂರು, ನಾಲ್ಕು. ಮಕ್ಕಳು ವರ್ಷವಿಡೀ ಓಡಿದ್ದಕ್ಕಿಂತ ಹೆಚ್ಚು ನಾನು ಆ ಕಾಲು ಗಂಟೆಯಲ್ಲಿ ಓಡಿದೆ. ಅಂಥ ಚಳಿಯಲ್ಲೂ ಬೆವರು ಕಿತ್ತುಬಂತು. ಐದನೆಯ ಮಗುವಿಗೆ ಹೊದಿಸುವಾಗ ಮುಖ್ಯ ಅತಿಥಿಗಳು ಶಾಲನ್ನು ಮುಟ್ಟಿ ನೋಡಿ ಹುಬ್ಬೇರಿಸಿದರು.

"ಏನ್ರೀ, ಶಾಲು ಬಿಸಿಯಾಗಿದೆಯಲ್ಲ?"

"ಒಳ್ಳೇ ಉಣ್ಣೆ ಸರ್" ಎಂದೆ ಏದುಸಿರು ಬಿಡುತ್ತಾ.

ಆರನೆಯವನು ಚಿಂಟು. ಏಳು ವರ್ಷ, ಐವತ್ತು ಮೀಟರ್ ಓಟದಲ್ಲಿ ಮೊದಲ ಸ್ಥಾನ. ಬ್ಯಾನರಿನ ಹಿಂದೆ ಶಾಲಿಗೆ ಕೈ ಹಾಕಿದೆ.

"ನಹೀ ದೂಂಗಾ. ಯೆ ಮೇರಾ ಹೈ, ಇದು ನಂದು" ಎಂದವನೇ ಬಾಣದ ಹಾಗೆ ಓಡಿದ. ಅವನಿಗೆ ಬಹುಮಾನ ಯಾಕೆ ಬಂತೆಂದು ನನಗೆ ಆ ಕ್ಷಣ ಮನವರಿಕೆಯಾಯಿತು. ಸಿದ್ದಪ್ಪನ ತರಬೇತಿ ನಿಜಕ್ಕೂ ಉತ್ತಮ ಮಟ್ಟದ್ದು. ಹುಡುಗ ಹಾಲ್ ದಾಟಿ, ಅಮ್ಮನ ಮಡಿಲು ಸೇರಿ, ಶಾಲಿನೊಳಗೆ ಮುಖ ಹುದುಗಿಸಿಕೊಂಡ.

ಬರಿಗೈಯಲ್ಲಿ ವೇದಿಕೆಗೆ ಬಂದೆ. ಸಿದ್ದಪ್ಪ ಆಗಲೇ ಹತ್ತಿ ನಿಂತಿದ್ದ. ಶಾಲಿಗೆ ಅನುಕೂಲವಾಗಲೆಂದು ಕತ್ತು ತುಸು ಬಗ್ಗಿಸಿದ್ದ. ಮೊದಲ ಸಾಲಿನಲ್ಲಿ ಗಿರಿಜಮ್ಮ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಈ ಮನುಷ್ಯ ನನ್ನಲ್ಲಿ ಕೇಳಿದ್ದು ಒಂದೇ ಒಂದು ವಸ್ತು.

ಮಾಜಿ ಅಧ್ಯಕ್ಷರ ಬಳಿ ಬಗ್ಗಿ, "ಸರ್, ಎರಡೇ ನಿಮಿಷಕ್ಕೆ ನಿಮ್ಮ ಶಾಲು" ಎಂದೆ.

"ನನಗೆ ಸೈನಸ್ ಇದೆಯಪ್ಪಾ" ಎಂದು ಅವರು ಇನ್ನಷ್ಟು ಸುತ್ತಿಕೊಂಡರು.

ಸಮಯ ಕಳೆಯಲು ಉಳಿದ ದಾರಿ ಮಾತೊಂದೇ. ಮೈಕು ಹಿಡಿದು ಸಿದ್ದಪ್ಪನ ಬಗ್ಗೆ ಹೇಳತೊಡಗಿದೆ. ನಸುಕಿನ ಟ್ರೇನಿನ ವಿಷಯ ಹೇಳಿದೆ. ಮಂಜಿನಲ್ಲಿ ಟ್ರೇನು ತಡವಾದ ದಿನ ಪಾರ್ಕಿನ ಗೇಟಿನಿಂದಲೇ ಸೀಟಿ ಊದುತ್ತಾ ಓಡಿಬರುತ್ತಿದ್ದುದನ್ನು ಹೇಳಿದೆ. ಕಾರ್ಖಾನೆಯಲ್ಲಿ ಉಳಿದ ತುಂಡು ಬಟ್ಟೆ ಕೇಳಿ ತಂದು, ಪಾರ್ಕಿನ ಬೆಂಚಿನ ಮೇಲೆ ಕೂತು ಮಕ್ಕಳ ಬನಿಯನ್ನಿಗೆ ನಂಬರು ಹೊಲಿಯುತ್ತಿದ್ದುದನ್ನು ಹೇಳಿದೆ. ಓಡಿದರೆ ಬೀಳುತ್ತಿದ್ದ ಚಿಂಟುವನ್ನು ಎಷ್ಟೋ ವಾರ ಕೈಹಿಡಿದು ಓಡಿಸಿದ್ದನ್ನೂ ಹೇಳಿದೆ. ಶಾಲು ಕೈಯಲ್ಲಿದ್ದಿದ್ದರೆ ಇದರಲ್ಲಿ ಒಂದನ್ನೂ ಹೇಳುತ್ತಿರಲಿಲ್ಲ. ಹೆಸರು ಕೂಗಿ, ಹೊದಿಸಿ, ಊಟಕ್ಕೆ ಏಳಿಸುತ್ತಿದ್ದೆ. ಕೊನೆಗೆ ನನ್ನ ಮಾತೂ ಮುಗಿಯಿತು.

ಆಗ ಗಿರಿಜಮ್ಮ ಎದ್ದರು. ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಬಂದು, ತಮ್ಮ ನೀಲಿ ಶಾಲು ತೆಗೆದು ಗಂಡನ ಹೆಗಲಿಗೆ ಹಾಕಿದರು. ಅವರು ಮೆಲ್ಲಗೆ ಹೇಳಿದ್ದನ್ನು ನನ್ನ ಕೈಯಲ್ಲಿದ್ದ ಮೈಕು ಇಡೀ ಹಾಲಿಗೆ ಕೇಳಿಸಿತು.

"ನಾನು ಇಸ್ಪೀಟಾಡೋಕೆ ಹೋಗ್ತೀರಾ ಅಂದ್ಕೊಂಡಿದ್ದೆ ಕಣ್ರೀ. ಬರೋ ವಾರದಿಂದ ಇದನ್ನ ಹೊದ್ಕೊಂಡು ಹೋಗಿ. ಬೆಳಗ್ಗೆ ಚಳಿ ಇರುತ್ತೆ."

ಜನ ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿದ್ದಪ್ಪ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಅಷ್ಟಕ್ಕೇ ಪರದೆ ಬಿದ್ದಿದ್ದರೆ ಚೆನ್ನಾಗಿತ್ತು. ಅನಂತಯ್ಯನವರು ಮೈಕು ಕಿತ್ತುಕೊಂಡು, "ಧರ್ಮಪತ್ನಿಯ ಕೈಯಿಂದಲೇ ಸನ್ಮಾನ! ಎಂಥ ಕಲ್ಪನೆ! ಇದನ್ನು ಯೋಜಿಸಿದ ನಮ್ಮ ನಿರೂಪಕರಿಗೂ ಅವರ ಶ್ರೀಮತಿಯವರು ಬಂದು ಶಾಲು ಹೊದಿಸಬೇಕು" ಎಂದುಬಿಟ್ಟರು.

ಯೋಜನೆ ನನ್ನದಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ವಿನಯದಿಂದ ಕತ್ತು ಬಗ್ಗಿಸಿ ನಿಂತೆ. ಪದ್ಮಾ ತನ್ನ ಕಂದು ಶಾಲು ಹೊದ್ದು ನಿಧಾನವಾಗಿ ವೇದಿಕೆ ಹತ್ತಿ ಬಂದು, ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡಳು.

"ಎಲ್ಲರೂ ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಅಗತ್ಯ ಎಷ್ಟೋ ಅಷ್ಟೇ ತರೋ ನಿಯಮ. ಅದಕ್ಕೆ ನಾನು ಒಂದೇ ತಂದಿದ್ದೀನಿ."

ಹೀಗೆ ಹೇಳಿ, ಶಾಲನ್ನು ಇನ್ನೊಂದು ಸುತ್ತು ಬಿಗಿಯಾಗಿ ಹೊದ್ದು, ಇಳಿದು ಹೋಗಿ ತನ್ನ ಜಾಗದಲ್ಲಿ ಕೂತಳು. ನಾನು ಮಾತ್ರ ಕತ್ತು ಬಗ್ಗಿಸಿಕೊಂಡೇ ನಿಂತಿದ್ದೆ.